ಚೈನ್ ಎಷ್ಟು ಬಿಗಿ ಇರಬೇಕು?

ನಿಮ್ಮ ಬೈಕಿನ ಚೈನ್ ಕಟಕಟ ಅಂತ ಸದ್ದು ಮಾಡೋಕೆ ಶುರು ಮಾಡಿದರೆ ಏನು ಮಾಡ್ತೀರಿ? ನಮ್ಮಲ್ಲಿ ಬಹಳ ಜನ ಗ್ಯಾರೇಜಿಗೆ ಹೋಗಿ, "ಚೈನ್ ಸ್ವಲ್ಪ ಟೈಟ್ ಮಾಡಿಕೊಡಿ" ಅಂತೀವಿ. ಮೆಕ್ಯಾನಿಕ್ ಎರಡು ನಟ್ ಸಡಿಲಿಸಿ, ಎರಡು ಸುತ್ತು ತಿರುಗಿಸಿ, "ಆಯ್ತು ಸಾರ್" ಅಂತಾನೆ. ಸದ್ದು ನಿಂತರೆ ಕೆಲಸ ಸರಿಯಾಯ್ತು ಅಂತ ನಾವು ಮನೆಗೆ ಬರ್ತೀವಿ. ಟೈಟ್ ಅಂದರೆ ಒಳ್ಳೆಯದು, ಲೂಸ್ ಅಂದರೆ ಕೆಟ್ಟದ್ದು. ಇಷ್ಟೇ ನಮ್ಮ ಲೆಕ್ಕ.

ನನ್ನ ಲೆಕ್ಕವೂ ಅಷ್ಟೇ ಆಗಿರುತ್ತಿತ್ತೇನೋ. ಆದರೆ ಎಂಜಿನಿಯರಿಂಗ್‌ನ ಕೊನೆಯ ವರ್ಷ ಇಡೀ ಒಂದು ಚೈನಿನ ಹಿಂದೆ ಬಿದ್ದಿದ್ದೆ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ದಿನವಿಡೀ ಲ್ಯಾಪ್‌ಟಾಪ್ ಮುಂದೆ. ಆದರೂ ಯಾರಾದರೂ "ಕಾಲೇಜಿನಲ್ಲಿ ಏನು ಕಲಿತೆ?" ಅಂತ ಕೇಳಿದರೆ ಮೊದಲು ನೆನಪಿಗೆ ಬರೋದು ಕ್ಲಾಸ್‌ರೂಮ್ ಅಲ್ಲ, ಆ ಚೈನು.

ವಿದ್ಯಾರ್ಥಿಗಳೇ ಪುಟ್ಟ ರೇಸ್ ಕಾರು ಕಟ್ಟಿ ಓಡಿಸುವ ಸ್ಪರ್ಧೆಗಳಿವೆ. 1981ರಲ್ಲಿ ಅಮೆರಿಕದಲ್ಲಿ ಫಾರ್ಮುಲಾ ಎಸ್‌ಎಇ ಅನ್ನೋ ಹೆಸರಿನಲ್ಲಿ ಶುರುವಾದದ್ದು ಇವತ್ತು ಹಲವು ದೇಶಗಳಲ್ಲಿ ನಡೆಯುತ್ತೆ. ನಮ್ಮಲ್ಲಿ ಫಾರ್ಮುಲಾ ಭಾರತ್ ಇದೆ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ. ಕಾರು ಅಂದರೆ ಮನೆ ಮುಂದೆ ನಿಲ್ಲಿಸೋ ಕಾರಲ್ಲ. ಪೈಪ್ ಬೆಸೆದು ಮಾಡಿದ ಚೌಕಟ್ಟು, ಒಂದೇ ಸೀಟು, ಸೀಟಿನ ಹಿಂದೆ ಬೈಕ್ ಎಂಜಿನ್. ನಮ್ಮದು ಡ್ಯೂಕ್ 390ರ 373 ಸಿಸಿ ಎಂಜಿನ್. ಅದರ ಗೇರ್‌ಬಾಕ್ಸಿನ ಪುಟ್ಟ ಸ್ಪ್ರಾಕೆಟ್‌ನಿಂದ ಹಿಂದಿನ ಡಿಫರೆನ್ಷಿಯಲ್‌ನ ದೊಡ್ಡ ಸ್ಪ್ರಾಕೆಟ್‌ಗೆ ಒಂದು ಚೈನ್. ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗೋಕೆ ಇರೋದು ಅದೊಂದೇ ದಾರಿ. ತಂಡದಲ್ಲಿ ಆ ಭಾಗದ ಜವಾಬ್ದಾರಿ ನನ್ನದಾಗಿತ್ತು.

ಹರಿದರೆ ಏನಾಗತ್ತಪ್ಪ?

ನಮ್ಮ ಇಬ್ಬರು ಡ್ರೈವರ್‌ಗಳಲ್ಲಿ ಒಬ್ಬಳು ಮೂರನೇ ವರ್ಷದ ಹುಡುಗಿ. ಒಂದು ಭಾನುವಾರ ಅವಳ ತಂದೆ ಊರಿಂದ ಒಂದು ಡಬ್ಬಿ ಚಕ್ಕುಲಿ ಹಿಡಿದು ವರ್ಕ್‌ಶಾಪಿಗೆ ಬಂದರು. ಕಬ್ಬು ಬೆಳೆಯೋರು, ವರ್ಷಾನುಗಟ್ಟಲೆ ಗಾಣ ನಡೆಸಿದವರು. ಕಾರಿನ ಸುತ್ತ ಒಂದು ಸುತ್ತು ಬಂದರು. ಬಣ್ಣ ನೋಡಲಿಲ್ಲ, ಸ್ಟೀರಿಂಗ್ ನೋಡಲಿಲ್ಲ. ಸೀಟಿನ ಹಿಂದೆ ಬಗ್ಗಿ ಚೈನ್ ನೋಡಿದರು.

"ಇದು ಹರಿದ್ರ ಏನಾಗತ್ತಪ್ಪ?"

ಓಡುವ ಮಷಿನಿನ ಬೆಲ್ಟ್ ಹರಿದು ಬಾರುಕೋಲಿನ ಹಾಗೆ ಬೀಸೋದನ್ನ ಅವರು ಗಾಣದಲ್ಲಿ ಕಂಡಿದ್ದರು. ಹಾಗಾಗಿ ಆ ಪ್ರಶ್ನೆ. ನಾನು ಚೈನಿನ ಮೇಲಿದ್ದ ಗಾರ್ಡ್ ತೋರಿಸಿದೆ. ಸ್ಪರ್ಧೆಯ ನಿಯಮದ ಪ್ರಕಾರ ಅದು ದಪ್ಪನೆಯ ಉಕ್ಕಿನ ತಗಡು, ಅಗಲ ಚೈನಿನ ಅಗಲದ ಮೂರು ಪಟ್ಟು ಇರಬೇಕು. ಸೀಟಿಗೂ ಎಂಜಿನ್ನಿಗೂ ನಡುವೆ ಫೈರ್‌ವಾಲ್ ಬೇರೆ. ಎಲ್ಲ ವಿವರಿಸಿದೆ.

ಅವರು ತಲೆಯಾಡಿಸಿ, "ಇದೆಲ್ಲ ಹರಿದ ಮ್ಯಾಲಿನ ಮಾತಾತು. ಹರೀಬಾರ್ದು ಅಂತ ಏನ್ ಮಾಡೀರಿ?" ಅಂದರು.

ಅದಕ್ಕೆ ಒಂದು ಸಾಲಿನ ಉತ್ತರ ಇರಲಿಲ್ಲ. ಅಲ್ಲಿವರೆಗೆ ಏನೇನು ಮಾಡಿದ್ದೆವೋ ಅದನ್ನು ಅವರಿಗೆ ಹೇಳಿದೆ. ಮುಂದೆ ಏನು ಮಾಡಬೇಕು ಅಂತ ರಾತ್ರಿ ಕೂತು ಪಟ್ಟಿ ಮಾಡಿದೆ. ಆ ಪಟ್ಟಿಯನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಉದ್ದ

ಚೈನಿನ ಉದ್ದವನ್ನ ಅಡಿ, ಇಂಚಿನಲ್ಲಿ ಹೇಳಲ್ಲ. ಲಿಂಕ್ ಲೆಕ್ಕದಲ್ಲಿ ಹೇಳ್ತೀವಿ. ನಮ್ಮದು 520 ಚೈನ್. ಒಂದು ಪಿನ್‌ನಿಂದ ಮುಂದಿನ ಪಿನ್‌ಗೆ 15.875 ಮಿ.ಮೀ. ಮುಂದಿನ ಸ್ಪ್ರಾಕೆಟ್‌ಗೆ 13 ಹಲ್ಲು, ಹಿಂದಿನದಕ್ಕೆ 42. ಡ್ರಾಯಿಂಗ್ ಪ್ರಕಾರ ಎರಡರ ಸೆಂಟರ್ ನಡುವಿನ ಅಂತರ 300 ಮಿ.ಮೀ.

ಲೆಕ್ಕ ಕಷ್ಟದ್ದೇನಲ್ಲ. ಸೆಂಟರ್ ಅಂತರ ಎಷ್ಟು ಲಿಂಕಿನಷ್ಟು ಅಂತ ನೋಡಿ ಅದನ್ನು ಎರಡರಿಂದ ಗುಣಿಸಿ. ಎರಡೂ ಸ್ಪ್ರಾಕೆಟ್‌ಗಳ ಹಲ್ಲು ಕೂಡಿಸಿ ಅರ್ಧ ಮಾಡಿ, ಅದನ್ನು ಸೇರಿಸಿ. ಒಂದು ಸ್ಪ್ರಾಕೆಟ್ ದೊಡ್ಡದು, ಒಂದು ಚಿಕ್ಕದು ಆದ್ದರಿಂದ ಚೈನ್ ಸ್ವಲ್ಪ ಓರೆಯಾಗಿ ಹೋಗುತ್ತೆ. ಅದಕ್ಕೊಂದು ಸಣ್ಣ ತಿದ್ದುಪಡಿ. ನಮಗೆ ಬಂದ ಉತ್ತರ 66.4.

ಅಂಗಡಿಯಲ್ಲಿ 66.4 ಲಿಂಕಿನ ಚೈನ್ ಸಿಗಲ್ಲ! ಅಷ್ಟೇ ಅಲ್ಲ, 67 ಕೂಡ ಬೇಡ. ಚೈನ್ ಅಂದರೆ ಒಂದು ಒಳ ಲಿಂಕ್, ಒಂದು ಹೊರ ಲಿಂಕ್, ಮತ್ತೆ ಒಳ, ಮತ್ತೆ ಹೊರ. ಹಾಗಾಗಿ ಒಟ್ಟು ಸಮಸಂಖ್ಯೆ ಇದ್ದರೇ ಎರಡು ತುದಿ ಸರಿಯಾಗಿ ಕೂಡುತ್ತವೆ. ಬೆಸ ಬಂದರೆ ಒಂದು ತುದಿ ಅಗಲ, ಒಂದು ತುದಿ ಕಿರಿದಾದ ಬಾಗಿದ ಲಿಂಕ್ ಹಾಕಬೇಕು. ಅದನ್ನ ಹಾಫ್ ಲಿಂಕ್ ಅಂತಾರೆ. ತಂಡದಲ್ಲಿ ಒಬ್ಬ ಅದನ್ನೇ ಹಾಕೋಣ ಅಂದ. ಅಂತರ ಐದು ಮಿ.ಮೀ. ಹೆಚ್ಚಿಸಿದರೆ ಸಾಕು, 67 ಕೂರುತ್ತೆ ಅನ್ನೋದು ಅವನ ವಾದ. ಲೆಕ್ಕವೇನೋ ಸರಿ. ಆದರೆ ಆ ಬಾಗಿದ ತಟ್ಟೆಯನ್ನ ಎಳೆದಾಗ ಅದು ನೆಟ್ಟಗಾಗೋಕೆ ನೋಡುತ್ತೆ, ಚೈನಿನಲ್ಲಿ ಅದೇ ದುರ್ಬಲ ಕೊಂಡಿ ಆಗುತ್ತೆ.

ನಮ್ಮ ಕಾಲೇಜಿನ ಗೇಟಿನ ಎದುರು ಒಬ್ಬ ಚಾಚಾ ಗ್ಯಾರೇಜ್ ಇಟ್ಟಿದ್ದರು. ನಮಗೆ ಅರ್ಧ ಪ್ರೊಫೆಸರ್ ಇದ್ದ ಹಾಗೆ. ಅವರನ್ನ ಕೇಳಿದರೆ ನಕ್ಕುಬಿಟ್ಟರು. "ತಮ್ಮಾ, ಅರ್ಧ ಲಿಂಕ್ ಹಾಲಿನವನ ಸೈಕಲ್ಲಿಗೆ ನಡೀತದ. ಇದಕ್ಕ ಬ್ಯಾಡ."

ಉಳಿದದ್ದು 66 ಇಲ್ಲವೇ 68. 68 ಹಾಕಬೇಕಾದರೆ ಡಿಫರೆನ್ಷಿಯಲ್ ಸುಮಾರು 13 ಮಿ.ಮೀ. ಹಿಂದೆ ಹೋಗಬೇಕು, ಚೌಕಟ್ಟಿನಲ್ಲಿ ಜಾಗ ಇಲ್ಲ. 66ಕ್ಕೆ ಸುಮಾರು 3.5 ಮಿ.ಮೀ. ಮುಂದೆ ಬಂದರೆ ಸಾಕು. ನಮ್ಮ ಅಡ್ಜಸ್ಟರ್ 294ರಿಂದ 306 ಮಿ.ಮೀ.ವರೆಗೆ ಆಡುತ್ತಿತ್ತು. ಹಾಗಾಗಿ 66, ಅಂತರ 296.5.

ಇದರಲ್ಲಿ ಇನ್ನೊಂದು ಲಾಭ ಇದೆ. ಚೈನ್ ಬಳಸ್ತಾ ಬಳಸ್ತಾ ಉದ್ದ ಆಗುತ್ತೆ. ಕಬ್ಬಿಣ ರಬ್ಬರಿನ ಹಾಗೆ ಹಿಗ್ಗೋದಲ್ಲ; ಪ್ರತಿ ಪಿನ್ನು, ಅದರ ಸುತ್ತಲಿನ ಬುಶ್ ಚೂರು ಚೂರು ಸವೀತವೆ. 66 ಕಡೆ ಕೂದಲೆಳೆಯಷ್ಟು ಸವೆದರೆ ಒಟ್ಟು ಲೆಕ್ಕ ದೊಡ್ಡದಾಗುತ್ತೆ. ಶೇ 1ರಷ್ಟು ಉದ್ದವಾದರೆ ನಮ್ಮ ಚೈನಿಗೆ 10 ಮಿ.ಮೀ.ಗಿಂತ ಹೆಚ್ಚು. ಅದನ್ನ ಎಳೆದು ಸರಿಮಾಡೋಕೆ ಅಡ್ಜಸ್ಟರ್ ಐದೂವರೆ ಮಿ.ಮೀ. ಹಿಂದೆ ಹೋಗಬೇಕು. ಅದಕ್ಕೇ ಹೊಸ ಚೈನ್ ಹಾಕುವಾಗ ಅಡ್ಜಸ್ಟರ್ ಹತ್ತಿರದ ತುದಿಯ ಕಡೆ ಇರಬೇಕು. ಮೊದಲ ದಿನವೇ ಕೊನೆಗೆ ಹೋಗಿ ನಿಂತರೆ ಆಮೇಲೆ ಎಲ್ಲಿಗೆ ಎಳೀತೀರಿ?

ಚೈನ್ ಅಂಗಡಿಯಲ್ಲಿ ಸಿಕ್ಕಿದ್ದು 120 ಲಿಂಕಿನದು. 66 ಕತ್ತರಿಸಿದರೆ ಉಳಿಯೋದು 54. ಸ್ಪೇರ್‌ಗೆ ಅದು ಸಾಲಲ್ಲ. ಎರಡು ಚೈನ್ ತಗೊಂಡೆವು. ಆ ತಿಂಗಳ ಕ್ಯಾಂಟೀನ್ ಲೆಕ್ಕದಲ್ಲಿ ಎಲ್ಲರೂ ಬರೀ ಚಹಾ ಕುಡಿದರು.

ಆಮೇಲೆ ಬಿಗಿ

ಚೈನ್ ತಂತಿ ಮೀಟಿದ ಹಾಗೆ ಬಿಗಿ ಇರಬೇಕು ಅಂತ ಹೊಸಬರಿಗೆ ಅನ್ನಿಸುತ್ತೆ. ಅದು ಅಪಾಯ. ಬಿಗಿ ಹೆಚ್ಚಾದರೆ ಗೇರ್‌ಬಾಕ್ಸಿನ ಶಾಫ್ಟನ್ನೂ ಡಿಫರೆನ್ಷಿಯಲ್ ಬೇರಿಂಗನ್ನೂ ಚೈನ್ ಸದಾ ಜಗ್ತಾ ಇರುತ್ತೆ. ಬೇರಿಂಗ್ ಬಿಸಿಯಾಗುತ್ತೆ, ಪಿನ್ ಬೇಗ ಸವೆಯುತ್ತೆ, ಎಂಜಿನ್ ಶಕ್ತಿ ಅಲ್ಲೇ ವ್ಯರ್ಥ. ಸಡಿಲ ಹೆಚ್ಚಾದರೆ ಆಕ್ಸಲರೇಟರ್ ಬಿಟ್ಟು ಒತ್ತಿದಾಗಲೆಲ್ಲ ಚೈನ್ ಬಡಿಯುತ್ತೆ; ಹಲ್ಲು ಹಾರಬಹುದು, ಸ್ಪ್ರಾಕೆಟ್ ಬಿಟ್ಟು ಆಚೆ ಬೀಳಬಹುದು.

ಸೆಂಟರ್ ಅಂತರ ಬದಲಾಗದ ಚೈನಿಗೆ ಸಾಮಾನ್ಯವಾಗಿ ಹೇಳೋ ಮಾತು: ಎರಡು ಸ್ಪ್ರಾಕೆಟ್ ನಡುವೆ ನೇರವಾಗಿ ಕಾಣುವ ಚೈನಿನ ಉದ್ದದ ಶೇ 2ರಿಂದ 4ರಷ್ಟು ಆಟ ನಡುಭಾಗದಲ್ಲಿರಲಿ. ನಮ್ಮ ಚೈನಿಗೆ ಅದು 6ರಿಂದ 11 ಮಿ.ಮೀ. ಬೆರಳಿನಿಂದ ಮೇಲೆ ಕೆಳಗೆ ಮಾಡಿದಾಗ ಒಟ್ಟು ಇಷ್ಟು ಆಡಬೇಕು.

ಈ ಆಟದ ಒಂದು ಗುಟ್ಟು ನನಗೆ ಬಹಳ ಇಷ್ಟ. ಪೂರ್ತಿ ಬಿಗಿ ಇರುವ ಚೈನಿನಲ್ಲಿ ಸೆಂಟರ್ ಅಂತರವನ್ನ ಬರೀ ಅರ್ಧ ಮಿ.ಮೀ. ಕಡಿಮೆ ಮಾಡಿದರೆ ನಡುವಿನ ಆಟ 20 ಮಿ.ಮೀ. ದಾಟುತ್ತೆ. ತಂತಿ ಮೇಲೆ ಬಟ್ಟೆ ಒಣಗಿಸಿದವರಿಗೆ ಇದು ಗೊತ್ತು: ತುದಿಯಲ್ಲಿ ಚೂರು ಬಿಟ್ಟರೂ ನಡುವೆ ಸೀರೆ ನೆಲ ಮುಟ್ಟುತ್ತೆ. ನಮ್ಮ ಅಡ್ಜಸ್ಟರ್ ಎರಡು ಕಡೆಯೂ ತಿರುಪು ಇದ್ದ ಟರ್ನ್‌ಬಕಲ್. ಆರನೇ ಒಂದು ಸುತ್ತು ತಿರುಗಿಸಿದರೆ ಸುಮಾರು 0.4 ಮಿ.ಮೀ. ಸರಿಯುತ್ತಿತ್ತು. ಅಂದರೆ ಕೈಗೆ ಗೊತ್ತೇ ಆಗದಷ್ಟು ತಿರುಗಿಸಿ, ಅಳೆದು, ಮತ್ತೆ ತಿರುಗಿಸಬೇಕು. ಅದೂ ಎಡ ಬಲ ಎರಡೂ ಸಮ. ಇಲ್ಲದಿದ್ದರೆ ಡಿಫರೆನ್ಷಿಯಲ್ ಓರೆಯಾಗಿ ಎರಡು ಸ್ಪ್ರಾಕೆಟ್ ಒಂದೇ ಸಾಲಿನಲ್ಲಿ ನಿಲ್ಲಲ್ಲ.

ಒಂದು ಜಾಗದಲ್ಲಿ ಅಳೆದರೆ ಸಾಲದು ಅನ್ನೋದನ್ನ ಚಾಚಾ ತೋರಿಸಿದರು. ಕಾರನ್ನ ಸ್ಟ್ಯಾಂಡ್ ಮೇಲೆ ಎತ್ತಿ, ಎಂಜಿನ್ ಆಫ್ ಇಟ್ಟು, ಚಕ್ರವನ್ನ ಕೈಯಿಂದ ನಿಧಾನ ತಿರುಗಿಸುತ್ತಾ ಹೋದರು. ಒಂದು ಕಡೆ ಚೈನ್ 14 ಮಿ.ಮೀ. ಆಡಿತು, ಇನ್ನೊಂದು ಕಡೆ ಬರೀ 7. ಯಾವ ಸ್ಪ್ರಾಕೆಟ್ಟೂ ನೂರಕ್ಕೆ ನೂರು ಗುಂಡಗೆ, ನಡುಮಧ್ಯೆ ಕೂತಿರಲ್ಲ. ಕೂದಲೆಳೆ ಆಚೀಚೆ ಆದರೂ ಚೈನ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. "ಬಿಗಿ ಇರೋ ಕಡೆ ನೋಡಿ ಸೆಟ್ ಮಾಡ್ರಿ. ಸಡಿಲ ಇರೋ ಕಡೆ ನೋಡಿ ಮಾಡಿದ್ರ, ಬಿಗಿ ಕಡೆ ಉಸಿರು ಕಟ್ಟತದ" ಅಂದರು. ಅವತ್ತಿಂದ ನಮ್ಮ ನಿಯಮ ಒಂದೇ: ಅತಿ ಬಿಗಿ ಜಾಗದಲ್ಲಿ 8 ಮಿ.ಮೀ.

ಸ್ಟ್ಯಾಂಡ್ ಮೇಲೆ ಸರಿ, ರಸ್ತೆ ಮೇಲೆ?

ನಮ್ಮ ಸಾಫ್ಟ್‌ವೇರ್ ಮಂದಿಯಲ್ಲಿ ಒಂದು ಹಳೇ ಜೋಕ್ ಇದೆಯಲ್ಲ, "ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗೇ ಓಡ್ತಿದೆ" ಅಂತ. ಸ್ಟ್ಯಾಂಡ್ ಮೇಲೆ ಅಳೆದ ಚೈನ್ ಕೂಡ ಹಾಗೇ.

ಮೊದಲ ಗೇರಿನಲ್ಲಿ ಜೋರಾಗಿ ಹೊರಟಾಗ ನಮ್ಮ ಚೈನಿನ ಮೇಲಿನ ಸಾಲಿನ ಮೇಲೆ ಬೀಳುವ ಎಳೆತ ಲೆಕ್ಕ ಹಾಕಿದರೆ 600 ಕೆ.ಜಿ. ಮೀರುತ್ತಿತ್ತು. ಆ ಎಳೆತ ಡಿಫರೆನ್ಷಿಯಲ್ಲನ್ನ ಎಂಜಿನ್ ಕಡೆ ಜಗ್ಗುತ್ತೆ. ಬ್ರಾಕೆಟ್ ಚೂರು ಬಾಗಿದರೂ ಅಂತರ ಕಡಿಮೆ. ಅಂತರ ಕಡಿಮೆಯಾದರೆ ಮೇಲಿನ ಸಾಲು ಬಿಗಿ ಇದ್ದು, ಸಡಿಲವೆಲ್ಲ ಕೆಳಗಿನ ಸಾಲಿಗೆ ಬಂದು ಜೋತು ಬೀಳುತ್ತೆ.

ಎಷ್ಟು ಬಾಗುತ್ತೆ ಅಂತ ನೋಡೋಕೆ ಮುಂದಿನ ಸ್ಪ್ರಾಕೆಟ್ ತಿರುಗದ ಹಾಗೆ ಹಿಡಿದು, ಹಿಂದಿನ ಆಕ್ಸಲ್‌ಗೆ ಉದ್ದನೆಯ ರಾಡ್ ಹಾಕಿ ತಿರುಗಿಸಿದೆವು. ಬ್ರಾಕೆಟ್‌ಗೆ ಡಯಲ್ ಗೇಜ್ ಇಟ್ಟಿದ್ದೆವು. ಮುಳ್ಳು 1.2 ಮಿ.ಮೀ. ತೋರಿಸಿತು. ಅರ್ಧ ಮಿ.ಮೀ.ಗೇ 20 ದಾಟುವ ಕಡೆ 1.2 ಅಂದರೆ ಏನು ಅಂತ ಊಹಿಸಿ. ಬ್ರಾಕೆಟ್ಟಿನಿಂದ ಚೌಕಟ್ಟಿಗೆ ಒಂದು ಓರೆ ಪೈಪ್ ಬೆಸೆದೆವು. ಮತ್ತೆ ಅಳೆದರೆ 0.4. ಕೆಳಗಿನ ಸಾಲು ಜೋತು ಬಿದ್ದರೂ ಎಲ್ಲೂ ತಾಗದ ಹಾಗೆ ಜಾಗ ಬಿಟ್ಟೆವು. ಡ್ರೈವರ್ ಕೂತಾಗ, ಕೂರದಿದ್ದಾಗ ಎರಡೂ ಅಳೆದೆವು. ಆ ಹುಡುಗಿ ಹೆಲ್ಮೆಟ್ ಹಾಕಿಕೊಂಡು ಅಲ್ಲಾಡದೆ ಕೂತು, "ಅಣ್ಣಾ, ತೂಕ ಹೆಚ್ಚಾಗಿದ್ರೆ ಗಟ್ಟಿಯಾಗಿ ಹೇಳಬೇಡಿ" ಅಂತಿದ್ದಳು.

22 ಕಿಲೋಮೀಟರ್

ಸ್ಪರ್ಧೆಯ ದೊಡ್ಡ ಪರೀಕ್ಷೆ ಎಂಡ್ಯೂರೆನ್ಸ್. ಸುಮಾರು 22 ಕಿ.ಮೀ., ಮಧ್ಯದಲ್ಲಿ ಡ್ರೈವರ್ ಬದಲಾಗಬೇಕು. ಅದಕ್ಕೆ ಮೂರು ನಿಮಿಷ. ಆ ಮೂರು ನಿಮಿಷದಲ್ಲೂ ಚೈನ್ ಮುಟ್ಟುವಂತಿಲ್ಲ. ಎಷ್ಟೋ ಕಾರುಗಳು ಈ ಓಟ ಮುಗಿಸೋದೇ ಇಲ್ಲ.

ಅವತ್ತು ಬೆಳಿಗ್ಗೆ ಅಳೆದೆವು. ಹಿಂದಿನ ದಿನದ ಓಟಗಳ ನಂತರ ಅತಿ ಬಿಗಿ ಜಾಗದಲ್ಲಿ 8 ಇದ್ದದ್ದು 13 ಆಗಿತ್ತು. ಅದೇನೂ ಗಾಬರಿಯ ವಿಷಯ ಅಲ್ಲ, ಟರ್ನ್‌ಬಕಲ್ ಚೂರು ತಿರುಗಿಸಿದರೆ ಆಯ್ತು. ಆದರೆ ಚಕ್ರ ತಿರುಗಿಸುತ್ತಾ ನೋಡಿದಾಗ ಒಂದು ಲಿಂಕ್ ಸ್ಪ್ರಾಕೆಟ್ ಬಿಟ್ಟು ಬಂದ ಮೇಲೂ ನೆಟ್ಟಗಾಗುತ್ತಿರಲಿಲ್ಲ. ಮಂಡಿ ನೋವಿನವರ ಹಾಗೆ ಬಾಗಿಯೇ ಇತ್ತು. ಕೈಯಿಂದ ಆಡಿಸಿದರೆ ಬಿಗಿ.

ಪಿಟ್‌ನಲ್ಲಿ ಚರ್ಚೆ ಶುರು. "ಓಡೋ ಗಾಡಿ ಮುಟ್ಟಬೇಡಿ" ಅಂದ ಒಬ್ಬ. "ಎಣ್ಣೆ ಹಾಕಿ, ಸ್ವಲ್ಪ ಜಾಸ್ತಿ ಬಿಗಿ ಮಾಡಿ, ನಡೆಯುತ್ತೆ" ಅಂದ ಇನ್ನೊಬ್ಬ. ನಮ್ಮ ಸರದಿಗೆ ಇನ್ನೂ ಒಂದು ಗಂಟೆ ಇರಲಿಲ್ಲ. ಹೊಸ ಚೈನ್ ಹಾಕೋಕೆ ಹೋಗಿ ಹೊತ್ತು ಮೀರಿದರೆ ಒಂದು ವರ್ಷದ ಕೆಲಸ ಅಲ್ಲೇ ಮುಗೀತಿತ್ತು.

ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಹರೀಬಾರ್ದು ಅಂತ ಏನ್ ಮಾಡೀರಿ? ಗಟ್ಟಿಯಾದ ಲಿಂಕ್ ಪ್ರತಿ ಸುತ್ತಿಗೂ ಚೈನನ್ನ ಜಗ್ಗುತ್ತೆ. ಅದರ ಒಳಗೆ ಏನಾಗಿದೆ ಅಂತ ಹೊರಗಿಂದ ಕಾಣಲ್ಲ. ಚೈನ್ ಬದಲಿಸೋಣ ಅಂದೆ. ಧೈರ್ಯ ಇದ್ದದ್ದು ಸ್ಪೇರ್ ಚೈನ್ ಬಗ್ಗೆ. ಅದನ್ನೂ 66ಕ್ಕೆ ಕತ್ತರಿಸಿ, ಕಾಲೇಜಿನ ಹಿಂದಿನ ಖಾಲಿ ರಸ್ತೆಯಲ್ಲಿ ಸಾಕಷ್ಟು ಓಡಿಸಿ ಇಟ್ಟಿದ್ದೆವು. ಹೊಚ್ಚ ಹೊಸ ಚೈನ್ ಮೊದಲ ಓಟಗಳಲ್ಲೇ ಬೇಗ ಸಡಿಲಾಗುತ್ತೆ. ಪಿನ್ನು ಬುಶ್ಶು ಒಂದಕ್ಕೊಂದು ಹೊಂದಿಕೊಳ್ಳೋ ಕಾಲ ಅದು. ಆ ಕಾಲ ಇದಕ್ಕೆ ಮುಗಿದಿತ್ತು.

ಅಧಿಕಾರಿಗಳಿಗೆ ತಿಳಿಸಿ ಕೆಲಸ ಶುರು ಮಾಡಿದೆವು. ಗಾರ್ಡ್ ಬಿಚ್ಚಿ, ಹಳೆಯದನ್ನ ತೆಗೆದು, ಹೊಸದನ್ನ ರಿವೆಟ್ ಲಿಂಕಿನಿಂದ ಕೂಡಿಸಿ, ರಿವೆಟ್ಟಿನ ತಲೆ ಸಾಕಷ್ಟು ಅರಳಿದೆಯಾ ಅಂತ ವರ್ನಿಯರ್‌ನಲ್ಲಿ ನೋಡಿ, ಚಕ್ರ ಪೂರ್ತಿ ಸುತ್ತಿಸಿ, ಬಿಗಿ ಜಾಗ ಹುಡುಕಿ, 8 ಮಿ.ಮೀ. ಗಾರ್ಡ್ ವಾಪಸ್. ಒಬ್ಬ ಅಳೆದದ್ದನ್ನ ಇನ್ನೊಬ್ಬ ಮತ್ತೆ ಅಳೆದ. ಸರದಿಗೆ ಹತ್ತು ನಿಮಿಷ ಉಳಿದಿತ್ತು.

ಅವಳು ಮೊದಲ ಅರ್ಧ ಓಡಿಸಿದಳು. ಪ್ರತಿ ಸುತ್ತು ಅವಳು ನಮ್ಮ ಮುಂದೆ ಹಾದಾಗ ಎಲ್ಲರೂ ಅವಳನ್ನ ನೋಡುತ್ತಿದ್ದರು, ನಾನು ಸೀಟಿನ ಹಿಂದೆ ನೋಡುತ್ತಿದ್ದೆ. ಡ್ರೈವರ್ ಬದಲಾದ. ಎಂಜಿನ್ ಮತ್ತೆ ಸ್ಟಾರ್ಟ್ ಆಯ್ತು. ಕೊನೇ ಸುತ್ತೂ ಮುಗೀತು. ನಾವು ಗೆಲ್ಲಲಿಲ್ಲ, ಪಟ್ಟಿಯ ನಡುವಿನಲ್ಲೆಲ್ಲೋ ಇದ್ದೆವು. ಆದರೆ ಓಟ ಮುಗಿಸಿದವರ ಪಟ್ಟಿಯಲ್ಲಿ ನಮ್ಮ ನಂಬರ್ ಇತ್ತು.

ಸಂಜೆ ಅವಳು ತಂದೆಗೆ ಫೋನ್ ಮಾಡಿ ನನಗೆ ಕೊಟ್ಟಳು. "ಚೈನ್ ಏನಾತಪ್ಪ?" ಅಂದರು. "ಈಗಷ್ಟೇ ಅಳದೀವ್ರಿ ಅಂಕಲ್. ಎಂಟು ಇದ್ದದ್ದು ಒಂಬತ್ತೂವರೆ ಆಗೇದ" ಅಂದೆ. ಆ ಕಡೆಯಿಂದ ನಗು ಕೇಳಿಸಿತು.

ನಿಮ್ಮ ಬೈಕಿಗೆ

ರೇಸ್ ಕಾರಿನ ಲೆಕ್ಕವನ್ನ ಹಾಗೇ ನಿಮ್ಮ ಬೈಕಿಗೆ ಹಾಕಬೇಡಿ. ಬೈಕಿನ ಹಿಂದಿನ ಚಕ್ರ ಸಸ್ಪೆನ್ಷನ್ ಜೊತೆ ಮೇಲೆ ಕೆಳಗೆ ಹೋಗುತ್ತೆ, ಹೋದಾಗ ಸ್ಪ್ರಾಕೆಟ್‌ಗಳ ಅಂತರವೂ ಬದಲಾಗುತ್ತೆ. ಹಾಗಾಗಿ ಅದಕ್ಕೆ ಆಟ ಹೆಚ್ಚು ಬೇಕು, ಬಹಳ ಬೈಕುಗಳಿಗೆ 20-30 ಮಿ.ಮೀ. ಆಸುಪಾಸು. ನಿಮ್ಮ ಬೈಕಿನದು ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಕೆಲವು ಬೈಕುಗಳಲ್ಲಿ ಚೈನಿನ ಪಕ್ಕದ ಸ್ಟಿಕ್ಕರ್ ಮೇಲೂ ಇರುತ್ತೆ. ಚಕ್ರವನ್ನ ಕೈಯಿಂದ ತಿರುಗಿಸುತ್ತಾ ನಾಲ್ಕು ಕಡೆ ಅಳೆಯಿರಿ, ಬಿಗಿ ಇರುವ ಕಡೆಯ ಅಳತೆಯನ್ನೇ ನಂಬಿ. ಚೈನ್ ತೊಳೆಯೋಕೆ ಪೆಟ್ರೋಲ್ ಬೇಡ, ಒಳಗಿನ ರಬ್ಬರ್ ರಿಂಗ್ ಹಾಳಾಗುತ್ತೆ. ಮತ್ತೆ, ಎಂಜಿನ್ ಆನ್ ಇಟ್ಟು ಗೇರ್ ಹಾಕಿ ಚೈನಿಗೆ ಬಟ್ಟೆ ಹಿಡಿಯೋದನ್ನ ದಯವಿಟ್ಟು ಮಾಡಬೇಡಿ. ಬಟ್ಟೆ ಸಿಕ್ಕಿಕೊಂಡರೆ ಅದರ ಜೊತೆ ಬೆರಳೂ ಹೋಗುತ್ತೆ.

ಪ್ರತಿ ವರ್ಷ ಸ್ಪರ್ಧೆ ಹತ್ತಿರ ಬಂದಾಗ ಜೂನಿಯರ್‌ಗಳಿಂದ ಮೆಸೇಜ್ ಬರುತ್ತೆ. "ಅಣ್ಣಾ, ಚೈನ್ ಎಷ್ಟು ಮಿ.ಮೀ. ಇಡೋದು?" ನಾನು ನಂಬರ್ ಹೇಳಲ್ಲ, ಅವರ ಕಾರು ಬೇರೆ. ಬದಲಿಗೆ ಮೂರು ಪ್ರಶ್ನೆ ಕೇಳ್ತೀನಿ. ಬಿಗಿ ಜಾಗ ಹುಡುಕಿದ್ರಾ? ಬ್ರಾಕೆಟ್ ಎಷ್ಟು ಬಾಗುತ್ತೆ ಅಂತ ನೋಡಿದ್ರಾ? ಡ್ರೈವರ್ ಕೂರಿಸಿ ಅಳೆದ್ರಾ? ಮೂರಕ್ಕೂ ಹೌದು ಅಂತ ಬರೋವರೆಗೆ ಯಾರನ್ನೂ ಆ ಸೀಟಿನಲ್ಲಿ ಕೂರಿಸಿ ಕಳಿಸಬೇಡಿ ಅಂತೀನಿ. ಸಾಮಾನ್ಯವಾಗಿ ಎರಡು ದಿನ ಬಿಟ್ಟು ಒಂದು ಫೋಟೋ ಬರುತ್ತೆ: ಗ್ರೀಸ್ ಮೆತ್ತಿದ ಕೈ, ಚೈನಿನ ಪಕ್ಕ ಒಂದು ಸ್ಕೇಲು.